ಕಾಲೇಜು ಸಾಲದ ಪುಟದಲ್ಲಿ ಒಂದು ತಿದ್ದುಪಡಿ

ನಾನು ಪತ್ರಿಕೆಯಲ್ಲಿ ಬರೆದದ್ದರಲ್ಲಿ ಜನ ಕತ್ತರಿಸಿ ಇಟ್ಟುಕೊಂಡದ್ದು ಒಂದನ್ನೇ. ಅದು ಅಂಕಣವಲ್ಲ, ವಿಶೇಷ ವರದಿಯೂ ಅಲ್ಲ. ಒಂದು ಪುಟ್ಟ ತಿದ್ದುಪಡಿ. ಕಾಪು ಪೇಟೆಯ ಒಂದು ಮಿಕ್ಸಿ ರಿಪೇರಿ ಅಂಗಡಿಯಲ್ಲಿ ಅದು ಈಗಲೂ ಚೌಕಟ್ಟು ಹಾಕಿಸಿಕೊಂಡು ಗೋಡೆಯ ಮೇಲೆ ಇದೆ. ನಾನು ಹತ್ತು ವರ್ಷ ನೋಡಿಕೊಂಡ ಶಿಕ್ಷಣ ಪುಟದಲ್ಲಿ ಗೋಳಿಬಜೆ ಕಟ್ಟಿಕೊಟ್ಟದ್ದನ್ನು ನಾನೇ ತಿಂದಿದ್ದೇನೆ. ಆದ್ದರಿಂದ ಈ ಚೌಕಟ್ಟಿನ ವಿಷಯದಲ್ಲಿ ನನಗೆ ಸ್ವಲ್ಪ ಅಭಿಮಾನ ಇದೆ.

ಈಗ ಆ ಪುಟಕ್ಕೆ ಹೊಸದಾಗಿ ಬಂದವರು ಆಗಾಗ ಫೋನ್ ಮಾಡುತ್ತಾರೆ. ಮಕ್ಕಳ ಕಾಲೇಜಿಗೆ ಸಾಲ ಮಾಡಬೇಕೋ ಬೇಡವೋ ಎಂದು ಓದುಗರು ಕೇಳಿದರೆ ಏನು ಬರೆಯುವುದು ಎಂಬುದು ಅವರ ಪ್ರಶ್ನೆ. ನನಗೆ ಗೊತ್ತಿರುವುದನ್ನು ನಾನು ಕಲಿತದ್ದು ಒಂದು ದನದಿಂದ. ಅದನ್ನು ಫೋನಿನಲ್ಲಿ ಹೇಳಿದರೆ ಅವರು ನನ್ನ ವಯಸ್ಸನ್ನು ಲೆಕ್ಕ ಹಾಕುತ್ತಾರೆ. ಅದಕ್ಕೆ ಬರೆದೇ ಕೊಡುತ್ತಿದ್ದೇನೆ.

ನಮ್ಮ ಕಚೇರಿ ಇದ್ದದ್ದು ಉಡುಪಿಯ ಬನ್ನಂಜೆಯಲ್ಲಿ, ಒಂದು ಫೋಟೋಸ್ಟ್ಯಾಟ್ ಅಂಗಡಿಯ ಮೇಲೆ. ಮುಖ್ಯಸ್ಥರು ಉಪಾಧ್ಯರು. ಅವರು ಗಟ್ಟಿಯಾಗಿ ಮಾತನಾಡಿದ್ದನ್ನು ನಾನು ಕೇಳಿಲ್ಲ. ಕೆಲಸಕ್ಕೆ ಸೇರಿದ ದಿನ ನನ್ನ ಬಗ್ಗೆಯೇ ಒಂದು ವಾಕ್ಯ ಬರೆದು ಕೊಡಲು ಹೇಳಿದರು. ಬರೆದೆ. ಅವರು ಅದನ್ನು ನನ್ನ ಅರ್ಜಿಯ ಪಕ್ಕದಲ್ಲಿಟ್ಟು ನೋಡಿ, ಒಂದು ವರ್ಷ ಕಡಿಮೆ ಉಂಟಲ್ಲ ಎಂದರು. ಹಿಂದಿನ ವಾರ ನನ್ನ ಹುಟ್ಟುಹಬ್ಬ ಕಳೆದದ್ದನ್ನು ನಾನು ಮರೆತಿದ್ದೆ.

"ಲೋಬೋ, ನಿಮ್ಮ ವಯಸ್ಸೇ ನಿಮಗೆ ಗೊತ್ತಿಲ್ಲ. ಊರಿನವರದ್ದು ಹೇಗೆ ಗೊತ್ತಾಗ್ತದೆ?"

ಅವರು ಕಲಿಸಿದ್ದು ಇಷ್ಟೇ: ಹೆಸರು, ವಯಸ್ಸು, ಊರು. ಈ ಮೂರನ್ನು ಕಾಗದದ ಮೇಲೆ ಕಣ್ಣಾರೆ ಕಂಡ ಮೇಲೆ ಉಳಿದದ್ದನ್ನು ಬರೆಯಬೇಕು. ಅವರು ಕಲಿಸದೆ ಬಿಟ್ಟದ್ದು ತಿದ್ದುಪಡಿ ಬರೆಯುವುದನ್ನು. ತಿದ್ದುಪಡಿ ಎಂದರೆ ತಪ್ಪನ್ನು ಎರಡನೇ ಸಲ ಮುದ್ರಿಸುವುದು ಎಂಬುದು ಅವರ ಅಭಿಪ್ರಾಯ. ಅವರ ಕೈಯಿಂದ ತಿದ್ದುಪಡಿ ಪಡೆಯುವುದಕ್ಕಿಂತ ಸಂಬಳ ಹೆಚ್ಚು ಪಡೆಯುವುದು ಸುಲಭ ಎಂದು ಕಚೇರಿಯಲ್ಲಿ ಹೇಳುತ್ತಿದ್ದರು. ಸಂಬಳವೂ ಹೆಚ್ಚಾಗುತ್ತಿರಲಿಲ್ಲ.

ಸೋಮವಾರದ ಶಿಕ್ಷಣ ಪುಟದಲ್ಲಿ ಓದುಗರ ಪ್ರಶ್ನೆಗೆ ಉತ್ತರ ಕೊಡುವ ಒಂದು ಭಾಗ ಇತ್ತು. ಉತ್ತರಿಸುವವರು ಮಣಿಪಾಲದಲ್ಲಿ ನೆಲೆಸಿದ್ದ ನಿವೃತ್ತ ಬ್ಯಾಂಕ್ ಮ್ಯಾನೇಜರ್ ವಾಮನ ನಾಯಕ್. ಪ್ರತಿ ಶುಕ್ರವಾರ ಫೋನಿನಲ್ಲಿ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಇಬ್ಬರ ಮನೆಮಾತೂ ಕೊಂಕಣಿ. ಆದರೆ ಅವರ ದೇವಸ್ಥಾನದ ಕೊಂಕಣಿ ಬೇರೆ, ನಮ್ಮ ಇಗರ್ಜಿಯ ಕೊಂಕಣಿ ಬೇರೆ. ಜಗಳ ಆಡಬೇಕಾದಾಗ ಇಬ್ಬರೂ ಕನ್ನಡಕ್ಕೆ ಬರುತ್ತಿದ್ದೆವು. ಅವರ ಎಲ್ಲ ಉತ್ತರಗಳೂ "ಸಾಲ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ" ಎಂದು ಶುರುವಾಗಿ "ನಿಮ್ಮ ಪರಿಸ್ಥಿತಿ ನೋಡಿ ತೀರ್ಮಾನಿಸಿ" ಎಂದು ಮುಗಿಯುತ್ತಿದ್ದವು. ನಡುವೆ ಬ್ಯಾಂಕಿನ ನಿಯಮ. ತಮ್ಮ ಪರಿಸ್ಥಿತಿ ನೋಡಿ ತೀರ್ಮಾನಿಸಲು ಆಗದ್ದಕ್ಕೇ ಜನ ನಮಗೆ ಬರೆಯುತ್ತಿದ್ದರು ಎಂದು ಒಮ್ಮೆ ನಾನು ಹೇಳಿದ್ದಕ್ಕೆ ಅವರು ಎರಡು ಶುಕ್ರವಾರ ಫೋನ್ ಎತ್ತಲಿಲ್ಲ.

ಅದೇ ಪುಟದ ಬಲಗಡೆ ಹೈನುಗಾರಿಕೆಯ ಪ್ರಶ್ನೋತ್ತರ. ಅದನ್ನು ಬರೆಯುತ್ತಿದ್ದವರು ಒಬ್ಬ ಪಶುವೈದ್ಯರು. ಶಿಕ್ಷಣಕ್ಕೂ ದನಕ್ಕೂ ಏನು ಸಂಬಂಧ ಎಂದು ಕೇಳಬೇಡಿ. ಎರಡಕ್ಕೂ ಜಾಹೀರಾತು ಕಡಿಮೆ, ಅಷ್ಟೇ ಸಂಬಂಧ.

ಒಂದು ಸೋಮವಾರ ಎರಡು ಉತ್ತರಗಳು ಅದಲು ಬದಲಾದವು. ಕಾರ್ಕಳದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುವ ಸದಾನಂದ ಎಂಬವರು, ಮಗನಿಗೆ ದೂರದ ಖಾಸಗಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಸೀಟು ಕೊಡಿಸುತ್ತೇನೆಂದು ಒಬ್ಬರು ಹೇಳುತ್ತಿದ್ದಾರೆ, ಸಾಲ ಮಾಡಬಹುದೇ ಎಂದು ಕೇಳಿದ್ದರು. ಹೆಬ್ರಿಯ ಒಬ್ಬ ಗೃಹಿಣಿ, ಎರಡನೇ ದನ ಕೊಳ್ಳಲು ಸಾಲ ಮಾಡಬಹುದೇ ಎಂದು ಕೇಳಿದ್ದರು. ಸದಾನಂದರ ಪ್ರಶ್ನೆಯ ಕೆಳಗೆ ಹೀಗೆ ಅಚ್ಚಾಗಿತ್ತು:

"ದಲ್ಲಾಳಿಯ ಮಾತು ನಂಬಿ ಮುಂಗಡ ಕೊಡಬೇಡಿ. ಹೇಳದೆ ಕೇಳದೆ ಬೆಳಿಗ್ಗೆ ಹೋಗಿ, ಎರಡು ಹೊತ್ತು ಅಲ್ಲೇ ಇದ್ದು ಹಾಲು ಎಷ್ಟು ಬರುತ್ತದೆ ನೋಡಿ. ಮೈ ತೊಳೆದು ಹಾರ ಹಾಕಿ ನಿಲ್ಲಿಸಿದ್ದರೆ ಅನುಮಾನಪಡಿ. ಬಾಯಿ ಬಿಡಿಸಿ ಹಲ್ಲು ನೋಡಿ. ಇದರ ಹಿಂದಿನ ಕರುಗಳು ಈಗ ಎಲ್ಲಿವೆ, ಹೇಗಿವೆ ಎಂದು ವಿಚಾರಿಸಿ."

ಹೆಬ್ರಿಯವರಿಗೆ ಸಿಕ್ಕಿದ್ದು ವಾಮನ ನಾಯಕರ ಉತ್ತರ. ದನದ ಬಗ್ಗೆ ಎಂದು ಓದಿಕೊಂಡರೆ, ಸಾಲ ಅದರ ಹೆಸರಿನಲ್ಲೇ ಆಗುತ್ತದೆ, ಅರ್ಜಿಗೆ ಅದೇ ಸಹಿ ಹಾಕಬೇಕು, ಪೋಷಕರು ಸಹ-ಸಾಲಗಾರರು ಮಾತ್ರ, ಕೋರ್ಸು ಮುಗಿದು ಕೆಲಸ ಸಿಕ್ಕಿದ ಮೇಲೆ ಕಂತನ್ನು ಅದೇ ಕಟ್ಟಿಕೊಂಡು ಹೋಗುವುದು ಒಳ್ಳೆಯದು.

ಹತ್ತು ಗಂಟೆಗೆ ಹೆಬ್ರಿಯಿಂದ ಫೋನ್ ಬಂತು. ಆ ಹೆಂಗಸು ಬಹಳ ಮರ್ಯಾದೆಯಿಂದಲೇ ಮಾತನಾಡಿದರು.

"ನೀವು ಹೇಳಿದ್ದು ಎಲ್ಲ ಸರಿ ಉಂಟು. ಆದರೆ ಈಗ ಇರುವ ದನ ಗೌರಿಗೇ ಸಹಿ ಹಾಕ್ಲಿಕ್ಕೆ ಬರುದಿಲ್ಲ. ಹೆಬ್ಬೆಟ್ಟು ಒತ್ತುವ ಅಂದ್ರೆ ಅದೂ ಇಲ್ಲ. ಎಂತ ಮಾಡುದು?"

ಸಂಜೆ ನಾನೇ ಹೋಗಿ ಉಪಾಧ್ಯರಲ್ಲಿ ತಿದ್ದುಪಡಿ ಕೇಳಿದೆ. ಅವರು ಎರಡೂ ಉತ್ತರ ಓದಿದರು. ಎರಡೂ ಸರಿಯಾಗಿಯೇ ಉಂಟು, ಕೂತ ಜಾಗ ಮಾತ್ರ ಬೇರೆ, ಓದುಗರು ಹುಡುಕಿಕೊಳ್ಳುತ್ತಾರೆ ಎಂದು ಹೇಳಿ ಚಹಾ ಕುಡಿಯಲು ಎದ್ದರು.

ಮೂರು ವಾರ ಕಳೆದು ಕಾರ್ಕಳದ ಸದಾನಂದರು ಮೆಟ್ಟಿಲು ಹತ್ತಿ ಬಂದರು. ಬೈಯಲು ಬಂದರು ಎಂದುಕೊಂಡು ನಾನು ಕುರ್ಚಿ ಹಾಕಿಸಿದೆ. ಅವರು ಬಂದದ್ದು ಧನ್ಯವಾದ ಹೇಳಲು. ಅವರ ಪ್ರಕಾರ ನಮ್ಮ ಉತ್ತರ ಬಹಳ ಗೂಢವಾಗಿ ಬರೆದದ್ದಾಗಿತ್ತು. ಎರಡು ಸಲ ಓದಿದ ಮೇಲೆ ಅರ್ಥವಾಯಿತಂತೆ. ದಲ್ಲಾಳಿಗೆ ತಿಳಿಸದೆ ಬೆಳಗ್ಗಿನ ಬಸ್ಸು ಹಿಡಿದು ಆ ಕಾಲೇಜಿಗೆ ಹೋದರು. ಎರಡು ಹೊತ್ತು ಕ್ಯಾಂಟೀನಿನಲ್ಲಿ ಕೂತರು. ಗೇಟಿನಲ್ಲಿ ದೊಡ್ಡ ಹೂವಿನ ಅಲಂಕಾರ ಇತ್ತು, ಅಲ್ಲಿಯೇ ಅನುಮಾನಪಟ್ಟರು. ಪ್ರಯೋಗಾಲಯದ ಬಾಗಿಲು ತೆಗೆಸಿದರು. ಒಳಗೆ ಮುರಿದ ಬೆಂಚು ಪೇರಿಸಿಟ್ಟಿದ್ದರು. ಹಿಂದಿನ ವರ್ಷ ಮುಗಿಸಿದ ಹುಡುಗರ ಫೋನ್ ನಂಬರು ಕೇಳಿದರೆ ಕಾಲೇಜಿನವರು ಕೊಡಲಿಲ್ಲ. ಕ್ಯಾಂಟೀನಿನವನು ಕೊಟ್ಟ. ಅವನಿಗೆ ಅವರೆಲ್ಲ ಬಾಕಿ ಇಟ್ಟಿದ್ದರು.

"ಅದು ಬರೀ ಹಾರ ಹಾಕಿ ನಿಲ್ಲಿಸಿದ್ದು, ಪೊರ್ಬುಗಳೇ" ಎಂದರು. ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ. "ಮತ್ತೊಂದು ಕಾಲೇಜು ನೋಡಿದೆ. ಕಟ್ಟಡ ಹಳತು. ಆದರೆ ಹಲ್ಲು ಗಟ್ಟಿ ಉಂಟು. ಕರುಗಳೆಲ್ಲ ಕೆಲಸದಲ್ಲಿವೆ. ಅದಕ್ಕೆ ಸಾಲ ಮಾಡಿದೆ."

ಅವರ ಮಗ ಈಗ ಕೆಲಸದಲ್ಲಿದ್ದಾನೆ, ಕಂತು ತಾನೇ ಕಟ್ಟುತ್ತಿದ್ದಾನೆ. ಪಶುವೈದ್ಯರ ಆ ಉತ್ತರವನ್ನು ನಾನು ಮೇಜಿನ ಗಾಜಿನ ಅಡಿಯಲ್ಲಿ ಇಟ್ಟುಕೊಂಡೆ. ವಾಮನ ನಾಯಕರಿಗೆ ವಿಷಯ ಗೊತ್ತಾಗಿ, ಹಾಗಾದರೆ ಇನ್ನು ಮುಂದೆ ದನದ ಡಾಕ್ಟರರನ್ನೇ ಕೇಳಿ ಎಂದು ಅಚ್ಚ ಕನ್ನಡದಲ್ಲಿ ಹೇಳಿದರು.

ಇನ್ನು ಕಾಪುವಿನ ವಿಷಯ. ಇಲ್ಲಿ ತಪ್ಪು ಮಾಡಿದ್ದು ನಾನೇ.

ನನ್ನ ನಿವೃತ್ತಿಗೆ ಮುಂಚಿನ ವರ್ಷ ಅದು. ಆ ಹೊತ್ತಿಗೆ ಕಾಗದ ಬರೆಯುವವರು ಇಲ್ಲವಾಗಿ ಎಲ್ಲವೂ ವಾಟ್ಸ್ಆ್ಯಪಿನಲ್ಲಿ ಬರುತ್ತಿತ್ತು. ಕಾಪುವಿನ ನಮ್ಮ ಅರೆಕಾಲಿಕ ವರದಿಗಾರರು ಒಂದು ಫೋಟೋ ಮತ್ತು ನಾಲ್ಕು ಸಾಲು ಕಳಿಸಿದರು. ಮಿಕ್ಸಿ ರಿಪೇರಿ ಮಾಡುವ ಕುಶಲ ಕೋಟ್ಯಾನರ ಮಗಳು, ಹದಿನೆಂಟರ ಶ್ರಾವ್ಯಾಗೆ ವಿದೇಶದ ವಿಶ್ವವಿದ್ಯಾಲಯವೊಂದರಲ್ಲಿ ವೈದ್ಯಕೀಯ ಸೀಟು ದೊರೆತಿದೆ, ಊರಿನ ಯುವಕ ಮಂಡಲ ಸನ್ಮಾನಿಸಿದೆ. ಫೋಟೋದಲ್ಲಿ ಎಲ್ಲವೂ ಇತ್ತು: ಶಾಲು, ಹಾರ, ಹಣ್ಣಿನ ಬುಟ್ಟಿ, ಫಲಕ, ಹದಿನಾಲ್ಕು ಮಂದಿ ಪದಾಧಿಕಾರಿಗಳು. ಅವರ ನಡುವೆ ಒಬ್ಬಳು ಹುಡುಗಿ, ತಪ್ಪಾಗಿ ಬೇರೆ ಬಸ್ಸು ಹತ್ತಿದವರ ಮುಖ ಮಾಡಿಕೊಂಡು ನಿಂತಿದ್ದಳು. ಆ ಮುಖ ನೋಡಿಯಾದರೂ ನಾನು ವಿಚಾರಿಸಬೇಕಿತ್ತು. ನಮ್ಮ ಜಿಲ್ಲೆಯಲ್ಲಿ ಸನ್ಮಾನ ಆದದ್ದನ್ನು ಯಾರೂ ಅನುಮಾನಿಸುವುದಿಲ್ಲ. ಶಾಲು ಹೊದೆಸಿದ ಮೇಲೆ ಅದು ಸತ್ಯ. ಹೆಸರು, ವಯಸ್ಸು, ಊರು ಯಾವುದನ್ನೂ ಕಾಗದದ ಮೇಲೆ ನೋಡದೆ ಶನಿವಾರದ ಊರ ಸುದ್ದಿ ಪುಟಕ್ಕೆ ಬಿಟ್ಟೆ.

ಮುಂದಿನ ಗುರುವಾರ ಮಧ್ಯಾಹ್ನ ಕಚೇರಿಗೆ ಒಬ್ಬ ಹೆಂಗಸು ಬಂದರು. ಅಂಗನವಾಡಿ ಶಿಕ್ಷಕಿ, ಹೆಸರು ಸುಮತಿ, ಶ್ರಾವ್ಯಾಳ ತಾಯಿ. ಕೈಯಲ್ಲಿ ನಮ್ಮ ಶನಿವಾರದ ಪುಟ. ನೀರು ಬೇಕೇ ಎಂದು ಕೇಳಿದರೆ ಬೇಡ, ಇದನ್ನು ಹಾಕಿದ್ದು ಯಾರು ಹೇಳಿ ಎಂದರು. ನಾನೇ ಎಂದೆ.

ಅವರು ಹೇಳಿದ್ದು ಹೀಗೆ. ಉಡುಪಿಯ ಹೋಟೆಲೊಂದರ ಸಭಾಂಗಣದಲ್ಲಿ ವಿದೇಶಿ ವೈದ್ಯಕೀಯ ಶಿಕ್ಷಣದ ಮಾಹಿತಿ ಶಿಬಿರ ನಡೆದಿತ್ತು. ಮಗಳು ಬರುವುದಿಲ್ಲ ಎಂದಳು, ಗಂಡ ಒಬ್ಬರೇ ಹೋದರು. ಕಾಫಿ ಮತ್ತು ಗೋಳಿಬಜೆ ಆದ ಮೇಲೆ ಫಾರಂ ತುಂಬಿಸಿ ಕೊಟ್ಟು ಬಂದರು. ವಾರದೊಳಗೆ ಚಿನ್ನದ ಬಣ್ಣದ ಮುದ್ರೆ ಇರುವ ಆಯ್ಕೆಪತ್ರ ಬಂತು. ಗಂಡ ಅದನ್ನು ಅದೇ ದಿನ ಲ್ಯಾಮಿನೇಷನ್ ಮಾಡಿಸಿ ಅಂಗಡಿಯಲ್ಲಿ ತೂಗುಹಾಕಿದರು. ಗ್ರೈಂಡರ್ ರಿಪೇರಿಗೆ ಬಂದ ಯುವಕ ಮಂಡಲದ ಅಧ್ಯಕ್ಷರು ಮುದ್ರೆ ನೋಡಿದರು. ಮುಂದಿನದ್ದು ನಮ್ಮ ಪುಟದಲ್ಲಿ ಇತ್ತು. ಈಗ ಸೋಮವಾರದೊಳಗೆ ಮುಂಗಡ ಕಟ್ಟಬೇಕು. ಅದಕ್ಕಾಗಿ ನಾಡಿದ್ದು ಶನಿವಾರ ಗಂಡ ಪಡುಬಿದ್ರಿಗೆ ಹೋಗಿ ಸಾಲಕ್ಕೆ ಮನೆಯ ಕಾಗದಪತ್ರ ಅಡವಿಡುವವರಿದ್ದರು.

"ಮನೆ ಹೋದ್ರೆ ನಾವೆಲ್ಲಿ ಹೋಗುದು, ಪೊರ್ಬುಗಳೇ? ಬೇಡ ಅಂದ್ರೆ ಹೇಳ್ತಾರೆ, ಪೇಪರಿನಲ್ಲಿ ಬಂದಾಯ್ತಲ್ಲ, ಇನ್ನು ಬೇಡ ಅಂತ ಹೇಳ್ಲಿಕ್ಕೆ ಆಗ್ತದಾ ಅಂತ."

ಮಗಳು ಏನು ಹೇಳುತ್ತಾಳೆ ಎಂದು ಕೇಳಿದೆ.

"ಅವಳು ಹದಿನೈದು ದಿನದಿಂದ ಒಂದೇ ಹೇಳುದು. ನಾನು ಅರ್ಜಿಯೇ ಹಾಕ್ಲಿಲ್ಲ ಅಂತ. ಇವರು ಹೇಳುದು, ನಾನು ಹಾಕಿದ್ದೇನಲ್ಲ ಅಂತ. ಆ ಪತ್ರವನ್ನು ಅವಳು ಕಣ್ಣೆತ್ತಿ ಕೂಡ ನೋಡ್ಲಿಲ್ಲ."

ಶ್ರಾವ್ಯಾಳಿಗೆ ಬೇಕಾಗಿದ್ದದ್ದು ಮಣಿಪಾಲದಲ್ಲಿ ಲ್ಯಾಬ್ ತಂತ್ರಜ್ಞಾನದ ಪದವಿ. ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರಬಹುದಿತ್ತು. ಅದಕ್ಕೂ ಸಾಲ ಬೇಕಿತ್ತು, ಆದರೆ ಮನೆ ಅಡವಿಡುವಷ್ಟಲ್ಲ.

ಶುಕ್ರವಾರ ಬೆಳಿಗ್ಗೆ ಮೇಜಿನ ಗಾಜಿನ ಅಡಿಯಿಂದ ಪಶುವೈದ್ಯರ ಉತ್ತರ ತೆಗೆದು ಜೇಬಿಗಿಟ್ಟುಕೊಂಡು ಕಾಪು ಬಸ್ಸು ಹತ್ತಿದೆ. ಪೇಟೆಯಲ್ಲಿ ಇಳಿದ ಕೂಡಲೇ ಎದುರಿಗೆ ಫ್ಲೆಕ್ಸು. ಶ್ರಾವ್ಯಾಳ ಫೋಟೋ, ಅದರ ಕುತ್ತಿಗೆಗೆ ಕಂಪ್ಯೂಟರಿನಲ್ಲಿ ತೂಗಿಸಿದ ಸ್ಟೆಥಸ್ಕೋಪು, ಕೆಳಗೆ ಶುಭ ಕೋರುವವರ ಇಪ್ಪತ್ತೆರಡು ಮುಖಗಳು. ಅಂಗಡಿ ಹತ್ತು ಹೆಜ್ಜೆ ದೂರ. ಕೋಟ್ಯಾನರು ಒಂದು ಮಿಕ್ಸಿಯ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದರು. ಮಗಳು ಒಳಗೆ ಕೂತು ರಶೀದಿ ಬರೆಯುತ್ತಿದ್ದಳು. ನಾನು ಯಾರೆಂದು ಹೇಳಿದ್ದೇ ಅವರು ಎದ್ದು ಸ್ಟೂಲು ಒರೆಸಿದರು. ಮತ್ತೊಂದು ಫೋಟೋ ತೆಗೆಯಲು ಬಂದೆ ಎಂದುಕೊಂಡು ಅಂಗಿಯ ಗುಂಡಿ ಹಾಕಿದರು.

ನಾನು ಬಂದದ್ದು ಹಲ್ಲು ನೋಡಲು. ಆಯ್ಕೆಪತ್ರ ನೋಡಬಹುದೇ ಎಂದೆ. ಅವರು ಗೋಡೆಯಿಂದ ಇಳಿಸಿ, ಬಟ್ಟೆಯಲ್ಲಿ ಒರೆಸಿ ಕೊಟ್ಟರು. ಇಂಗ್ಲಿಷ್ ಪತ್ರ, ಒಳ್ಳೆಯ ಕಾಗದ. ಮೊದಲ ಸಾಲಿನಲ್ಲಿ ಅವರ ಹೆಸರು. ತಂದೆಗೆ ಬರೆದದ್ದು ಎಂದುಕೊಂಡು ಮುಂದೆ ಹೋದೆ. ಇಡೀ ಪತ್ರದಲ್ಲಿ ಶ್ರಾವ್ಯಾ ಎಂಬ ಹೆಸರು ಎಲ್ಲಿಯೂ ಇರಲಿಲ್ಲ. ಕೆಳಗೆ ಅಭ್ಯರ್ಥಿಯ ವಿವರದ ಪಟ್ಟಿ. ಹೆಸರಿನ ಮುಂದೆ ಪುನಃ ಅವರದ್ದೇ. ಅದರ ಕೆಳಗೆ ಹುಟ್ಟಿದ ದಿನಾಂಕ. ಅದನ್ನು ಎರಡು ಸಲ ಓದಿ ಶ್ರಾವ್ಯಾಳನ್ನು ಕೇಳಿದೆ, ಇದು ನಿನ್ನದಾ ಎಂದು. ಅವಳು ಹದಿನೈದು ದಿನದಲ್ಲಿ ಮೊದಲ ಬಾರಿಗೆ ಆ ಪತ್ರವನ್ನು ಕೈಯಲ್ಲಿ ಹಿಡಿದಳು.

"ನನ್ನದಲ್ಲ. ಪಪ್ಪ, ಇದು ನಿಮ್ಮದು."

ಕೋಟ್ಯಾನರು ಕನ್ನಡಕ ಹಾಕಿ ನೋಡಿದರು. ತಂದೆಯ ಹೆಸರು ಎಂಬಲ್ಲಿ ತೀರಿಹೋದ ಅವರ ತಂದೆಯ ಹೆಸರಿತ್ತು. ರೇಷನ್ ಕಾರ್ಡು, ಗ್ಯಾಸು, ವಿದ್ಯುತ್ತು, ಎಲ್ಲ ಫಾರಮುಗಳನ್ನೂ ಮನೆಯ ಯಜಮಾನನಾಗಿ ಅವರೇ ಜೀವಮಾನವಿಡೀ ತುಂಬಿಸಿದವರು. ಕೈ ತನ್ನಷ್ಟಕ್ಕೆ ಬರೆದಿತ್ತು. ವಿದ್ಯಾರ್ಹತೆ ಎಂಬಲ್ಲಿ ಅವರು ಸುಳ್ಳು ಹೇಳಿರಲಿಲ್ಲ. ಎಸ್ಸೆಸ್ಸೆಲ್ಸಿ, ಅನುತ್ತೀರ್ಣ ಎಂದೇ ಇತ್ತು. ವಿಶ್ವವಿದ್ಯಾಲಯವು ಅವರ ಸಾಧನೆಯನ್ನು ಮೆಚ್ಚಿ, ಐವತ್ತೊಂದನೇ ವಯಸ್ಸಿನಲ್ಲಿ, ಆರು ವರ್ಷದ ವೈದ್ಯಕೀಯ ಕೋರ್ಸಿಗೆ ಸಂತೋಷದಿಂದ ಆಯ್ಕೆ ಮಾಡಿತ್ತು.

ಶ್ರಾವ್ಯಾ ಬಹಳ ಗಂಭೀರವಾಗಿ ಅಪ್ಪನ ಕೈ ಕುಲುಕಿದಳು.

"ಚೆನ್ನಾಗಿ ಓದಿ, ಪಪ್ಪ. ಹಾಸ್ಟೆಲಿನಲ್ಲಿ ಗಲಾಟೆ ಮಾಡ್ಬೇಡಿ."

ಟೈಪಿನವರು ಎಲ್ಲೋ ತಪ್ಪಿರಬೇಕು ಎಂದು ಕೋಟ್ಯಾನರು ಹಟ ಹಿಡಿದರು. ಹಾಗಾದರೆ ಫೋನ್ ಮಾಡಿ ಕೇಳುವ ಎಂದು ನಾನು ಜೇಬಿನಿಂದ ಪಶುವೈದ್ಯರ ಉತ್ತರ ತೆಗೆದು ಅವರ ಎದುರಿಟ್ಟೆ. ಅವರು ಸ್ಪೀಕರ್ ಹಾಕಿ ಶಿಬಿರದವರಿಗೆ ಫೋನ್ ಮಾಡಿದರು. ಆ ಕಡೆ ಒಬ್ಬಳು ಹುಡುಗಿ, ಧ್ವನಿಯಲ್ಲಿ ಜೇನು. ಇವರ ಹೆಸರು ಕೇಳಿದ ಕೂಡಲೇ ಅಭಿನಂದನೆ ಹೇಳಿದಳು.

ಕೋಟ್ಯಾನರು ನೇರ ಮನುಷ್ಯ. ನಾನು ಎಸ್ಸೆಸ್ಸೆಲ್ಸಿ ಫೇಲು, ಮಿಕ್ಸಿ ರಿಪೇರಿ ಮಾಡುವವ, ನನಗೆ ಸೀಟು ಹೇಗೆ ಸಿಕ್ಕಿತು ಎಂದು ಕೇಳಿದರು.

"ನಮ್ಮಲ್ಲಿ ಅನುಭವ ಇರುವವರಿಗೆ ಆದ್ಯತೆ, ಸರ್."

ಪ್ರವೇಶ ಪರೀಕ್ಷೆ ಬರೆದಿಲ್ಲವಲ್ಲ ಎಂದರು. ಅದೆಲ್ಲ ಅಲ್ಲಿ ಹೋದ ಮೇಲೆ ನೋಡಿಕೊಳ್ಳುತ್ತಾರೆ ಎಂದಳು. ಅವರು ನನ್ನ ಕಾಗದದ ಮೇಲೆ ಬೆರಳಿಟ್ಟು, ಹಿಂದಿನ ಕರುಗಳು ಈಗ ಎಲ್ಲಿವೆ ಎಂದು ಇದ್ದ ಹಾಗೆಯೇ ಓದಿಬಿಟ್ಟರು. ಯಾವ ಕರು, ಸರ್ ಎಂದಳು ಆ ಹುಡುಗಿ. ಶ್ರಾವ್ಯಾ ಬಗ್ಗಿ, ಮೊದಲು ಹೋದ ವಿದ್ಯಾರ್ಥಿಗಳು ಅಂತ ಅರ್ಥ ಎಂದು ಫೋನಿಗೆ ತಿಳಿಸಿದಳು. ಅದು ಅವರ ಖಾಸಗಿ ವಿಷಯ, ಹೇಳಲಿಕ್ಕಾಗುವುದಿಲ್ಲ ಎಂದು ಉತ್ತರ ಬಂತು. ಸೋಮವಾರ ತಪ್ಪಿದರೆ ಸೀಟು ಬೇರೆಯವರಿಗೆ ಹೋಗುತ್ತದೆ, ಬೇಕಾದರೆ ಅದೇ ಶುಲ್ಕಕ್ಕೆ ಮಗಳ ಹೆಸರಿಗೆ ವರ್ಗಾಯಿಸಿ ಕೊಡುತ್ತೇವೆ ಎಂದೂ ಹೇಳಿದಳು.

ಅಲ್ಲಿಗೆ ಮುಗಿಯಿತು ಎಂದು ನಾನು ಎದ್ದೆ. ಕೋಟ್ಯಾನರು ಏಳಲಿಲ್ಲ. ರಸ್ತೆಯ ಆಚೆಯ ಫ್ಲೆಕ್ಸು ನೋಡುತ್ತಾ ಕೂತರು.

"ಸೀಟು ಎಂತದ್ದು ಅಂತ ನನಗೂ ಗೊತ್ತಾಯ್ತು. ಆದರೆ ಶಾಲು ಹೊದೆಸಿದ್ದು ನಿಜ ಅಲ್ವಾ? ಹಣ್ಣು ನಾವು ತಿಂದಾಗಿದೆ. ದಿನಕ್ಕೆ ಹತ್ತು ಜನ ಬಂದು ಕೇಳ್ತಾರೆ, ಮಗಳು ಹೊರಡುದು ಯಾವಾಗ ಅಂತ. ಹಣ ಇಲ್ಲದೆ ಬಿಟ್ಟರು ಅಂತ ಹೇಳುದಿಲ್ವಾ? ಹೆಸರು ಬದಲಿಸಿ ಕೊಡ್ತಾರಂತಲ್ಲ, ಹೋಗಿ ಬರ್ಲಿ."

ಮನೆ ಹೋಗುತ್ತದೆ ಎಂದೆ. ಅದು ಅವರಿಗೂ ಗೊತ್ತಿತ್ತು. ಕೊನೆಗೆ ಅವರು ಒಂದು ಷರತ್ತು ಹಾಕಿದರು.

"ಊರಿಗೆ ಹೇಳಿದ್ದು ನೀವು. ಅಲ್ಲ ಅಂತ ನೀವೇ ಹೇಳಿ. ನಾಳೆ ಪೇಪರಿನಲ್ಲಿ ಬಂದ್ರೆ ನಾನು ಪಡುಬಿದ್ರಿಗೆ ಹೋಗುದಿಲ್ಲ. ಬರದಿದ್ರೆ ಹತ್ತೂವರೆ ಬಸ್ಸಿಗೆ ಹೋಗ್ತೇನೆ."

ಲ್ಯಾಮಿನೇಷನ್ ಮಾಡಿದ ಪತ್ರವನ್ನು ಕಂಕುಳಲ್ಲಿಟ್ಟುಕೊಂಡು ಮಧ್ಯಾಹ್ನದ ಬಸ್ಸಿಗೆ ಬನ್ನಂಜೆಗೆ ಮರಳಿದೆ. ಉಪಾಧ್ಯರು ಊಟ ಮುಗಿಸಿ ಕೂತಿದ್ದರು. ತಿದ್ದುಪಡಿ ಎಂಬ ಶಬ್ದ ಕೇಳಿದ ಕೂಡಲೇ ಕೈ ಅಡ್ಡ ಮಾಡಿದರು. ಹುಡುಗಿ ಹೋಗುವುದಿಲ್ಲ ಎಂದರೆ ಅದು ಹೊಸ ಸುದ್ದಿ, ಹಳೆಯ ತಪ್ಪಲ್ಲ, ಮತ್ತು ಹೋಗದೆ ಇರುವುದು ಸುದ್ದಿಯೂ ಅಲ್ಲ ಎಂದರು. ನಾನು ಪತ್ರವನ್ನು ಅವರ ಮೇಜಿನ ಮೇಲಿಟ್ಟೆ.

ಅವರು ಓದಿದರು. ಹೆಸರಿನ ಮೇಲೆ ಬೆರಳಿಟ್ಟರು. ಹುಟ್ಟಿದ ದಿನಾಂಕದ ಮೇಲೆ ಬೆರಳಿಟ್ಟು ಗೋಡೆಯ ಕ್ಯಾಲೆಂಡರು ನೋಡಿ ಲೆಕ್ಕ ಹಾಕಿದರು. ಆಮೇಲೆ ನಮ್ಮ ಶನಿವಾರದ ಪುಟ ತರಿಸಿ ಪಕ್ಕದಲ್ಲಿಟ್ಟರು. ನನ್ನ ಮೊದಲ ದಿನ ಮಾಡಿದ್ದು ಅದನ್ನೇ.

"ಹೆಸರು ತಪ್ಪು. ವಯಸ್ಸು ತಪ್ಪು" ಎಂದರು. "ಊರು ಮಾತ್ರ ಸರಿ ಉಂಟು. ಬರೀರಿ."

ಬರೆದೆ. ಅವರು ಒಂದು ವಾಕ್ಯ ಸೇರಿಸಿದರು. ಅದು ಅವರು ಬರೆದ ವಾಕ್ಯಗಳಲ್ಲಿ ಅತ್ಯುತ್ತಮವಾದದ್ದು ಎಂದು ನನ್ನ ಅಭಿಪ್ರಾಯ. ಸಂಬಂಧಪಟ್ಟವರಿಗೆ ಓದಿ ಹೇಳದೆ ಹಾಕಬಾರದು ಎಂದು ಫೋನನ್ನು ನನ್ನ ಕಡೆ ತಳ್ಳಿದರು. ಕೋಟ್ಯಾನರಿಗೆ ಪೂರ್ತಿ ಓದಿದೆ. ಆ ಕಡೆ ಅವರು ಓಡುತ್ತಿದ್ದ ಮಿಕ್ಸಿ ನಿಲ್ಲಿಸಿದರು. ಜನ ನಗುತ್ತಾರೆ, ಯೋಚನೆ ಮಾಡಿ ಎಂದೆ. ಹಣವಿಲ್ಲದವ ಅಂತ ಮರುಗುವುದಕ್ಕಿಂತ ನಗುವುದು ಒಳ್ಳೆಯದು ಎಂಬ ಅರ್ಥದಲ್ಲಿ ಏನೋ ಹೇಳಿದರು. ಆಮೇಲೆ ಒಂದು ಆಕ್ಷೇಪ ಎತ್ತಿದರು.

"ಮಿಕ್ಸಿ ದುರಸ್ತಿಗಾರ ಅಂತ ಬರ್ದಿದ್ದೀರಲ್ಲ. ಮಿಕ್ಸಿ ಮತ್ತು ಗ್ರೈಂಡರ್ ಅಂತ ಹಾಕಿ."

ಅದು ಜಾಹೀರಾತಾಗುತ್ತದೆ ಎಂದರು ಉಪಾಧ್ಯರು. ಅರ್ಧ ನಿಮಿಷ ಯೋಚಿಸಿ, ವಾಸ್ತವಾಂಶ ಪೂರ್ಣ ಇರಬೇಕಾದದ್ದೂ ಹೌದು ಎಂದು ಒಪ್ಪಿದರು. ಶನಿವಾರ ಬೆಳಿಗ್ಗೆ ಹೀಗೆ ಬಂತು:

"ತಿದ್ದುಪಡಿ: ಕಾಪುವಿನ ಶ್ರಾವ್ಯಾ ಅವರಿಗೆ ವಿದೇಶದಲ್ಲಿ ವೈದ್ಯಕೀಯ ಸೀಟು ದೊರೆತಿದೆ ಎಂದು ಕಳೆದ ಶನಿವಾರ ಪ್ರಕಟವಾಗಿತ್ತು. ಸೀಟು ದೊರೆತಿರುವುದು ಅವರ ತಂದೆ, ಮಿಕ್ಸಿ ಮತ್ತು ಗ್ರೈಂಡರ್ ದುರಸ್ತಿಗಾರ ಕುಶಲ ಕೋಟ್ಯಾನ್ (51) ಅವರಿಗೆ. ಶ್ರಾವ್ಯಾ ಅರ್ಜಿ ಸಲ್ಲಿಸಿರಲಿಲ್ಲ. ಅಂಗಡಿಯಲ್ಲಿ ಕೆಲಸದ ಒತ್ತಡ ಇರುವುದರಿಂದ ಕೋಟ್ಯಾನ್ ಅವರು ಸೇರುತ್ತಿಲ್ಲ."

ಹತ್ತೂವರೆ ಬಸ್ಸು ಕೋಟ್ಯಾನರಿಲ್ಲದೆ ಪಡುಬಿದ್ರಿಗೆ ಹೋಯಿತು. ಅಂಗಡಿಯೆದುರು ಆ ಹೊತ್ತಿಗೆ ಜನ ಸೇರಿದ್ದರು. ಕೆಲವರು ಕೆಡದ ಮಿಕ್ಸಿಯನ್ನೂ ತಂದಿದ್ದರಂತೆ. ಅಂದಿನಿಂದ ಕಾಪುವಿನಲ್ಲಿ ಅವರನ್ನು ಎಲ್ಲರೂ ಕರೆಯುವುದು ಡಾಕ್ಟ್ರೇ ಎಂದು. ಯುವಕ ಮಂಡಲದ ಅಧ್ಯಕ್ಷರು ತುರ್ತು ಸಭೆ ಕರೆದರು. ಕೊಟ್ಟ ಶಾಲು ವಾಪಸು ಕೇಳುವ ಕ್ರಮ ಇಲ್ಲದ್ದರಿಂದ, ಸರಿಯಾದ ವ್ಯಕ್ತಿಗೆ ಇನ್ನೊಂದು ಶಾಲು ಹೊದೆಸುವುದೆಂದು ತೀರ್ಮಾನವಾಯಿತು. ಆ ಫೋಟೋವೂ ನಮಗೆ ಬಂತು. ಉಪಾಧ್ಯರು ಹಾಕಲಿಲ್ಲ.

ಹೊಸಬರಿಗೆ ನಾನು ಹೇಳಬೇಕಾದದ್ದು ಬಹುಶಃ ಇಷ್ಟರಲ್ಲೇ ಬಂದಿದೆ. ಸಾಲ ಮಾಡಬೇಕೋ ಬೇಡವೋ ಎಂದು ಕೇಳಿದವರಿಗೆ ಹೌದು ಅಥವಾ ಬೇಡ ಎಂದು ಬರೆಯಬೇಡಿ. ಕಾಗದ ತರಿಸಿಕೊಳ್ಳಿ, ಓದಿ. ಕಾಲೇಜಿಗೆ ಹೋಗಿ ಓದುವವಳು ಏನು ಹೇಳುತ್ತಿದ್ದಾಳೆ ಎಂದು ಕೇಳಿ. ಕಾಪುವಿನಲ್ಲಿ ಹದಿನೈದು ದಿನ ನಿಜ ಹೇಳಿದ್ದು ಅವಳೊಬ್ಬಳೇ.

ತಿದ್ದುಪಡಿ ಬಂದು ತಿಂಗಳು ಕಳೆದು, ಅದನ್ನು ಓದಿದ್ದ ವಾಮನ ನಾಯಕರು ನನಗೆ ಫೋನ್ ಮಾಡಿ ಮಣಿಪಾಲದ ಬ್ಯಾಂಕಿಗೆ ಬರಹೇಳಿದರು. ಶ್ರಾವ್ಯಾಳ ಲ್ಯಾಬ್ ಕೋರ್ಸಿಗೆ ಸಣ್ಣ ಸಾಲ, ಮನೆಯ ಅಡವಿಲ್ಲದೆ. ಎರಡು ದಿನ ಓಡಾಡಿ ಅವರೇ ಮಾತನಾಡಿ ವ್ಯವಸ್ಥೆ ಮಾಡಿದ್ದರು. ಸಾಲ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ ಎಂದು 'ಡಾಕ್ಟ್ರಿ'ಗೂ ಸುಮತಿಯವರಿಗೂ ವಿವರಿಸುತ್ತಿದ್ದರು. ಕಾಲೇಜನ್ನು ಮಗಳೂ ತಂದೆತಾಯಿಯೂ ಎರಡು ಸಲ ಹೋಗಿ ನೋಡಿ ಬಂದಿದ್ದರು. ಹಿಂದಿನ ಕರುಗಳ ನಂಬರು ಕೂಡ ಸಿಕ್ಕಿತ್ತು.

ಬ್ಯಾಂಕಿನವರು ಫಾರಂ ಕೊಟ್ಟರು. ಮೊದಲ ಸಾಲು, ಅರ್ಜಿದಾರರ ಹೆಸರು. ಕೋಟ್ಯಾನರು ಅಂಗಿಯ ಜೇಬಿನಿಂದ ಪೆನ್ನು ತೆಗೆದು ಮುಚ್ಚಳ ಬಿಚ್ಚಿದರು. ಸುಮತಿಯವರು ಅವರ ಕೈಯಿಂದ ಪೆನ್ನು ತೆಗೆದು ಮಗಳಿಗೆ ಕೊಟ್ಟರು.